ಕಡಲಜೀವಿಯ ವಿಳಾಸ ಎತ್ತರದಲ್ಲಿದೆ: ಮುಂಬಯಿಯ ಕಿನಾರೆಯನ್ನು ಓದುವ ಬಗೆ

(ಮಾಟುಂಗದಲ್ಲಿ ಸೇರಿದ್ದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಆ ಜಾಗಗಳಲ್ಲಿ ವಿವರಣೆಯನ್ನು ಸ್ವಲ್ಪ ಹಿಗ್ಗಿಸಿದ್ದೇವೆ.)

ಮೊದಲು ನಾಲ್ಕು ಅಂಕಿ ಬರೆದುಕೊಳ್ಳಿ: 4.42, 3.30, 1.86, 0.76. ಎಲ್ಲವೂ ಮೀಟರುಗಳು. ಗೇಟ್‌ವೇ ಆಫ್ ಇಂಡಿಯಾದ ಪಕ್ಕದ ಅಪೊಲೊ ಬಂದರಿನಲ್ಲಿ, ಕಡಲು ತೀರಾ ಕೆಳಗಿಳಿದಾಗಿನ ಮಟ್ಟವನ್ನು ಸುಮಾರಾಗಿ ಸೊನ್ನೆ ಎಂದು ಹಿಡಿದು, ನೀರಿನ ಮಟ್ಟ ಅಳೆದು ತೆಗೆದ ಸರಾಸರಿಗಳು ಇವು. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಉಬ್ಬರದಲ್ಲಿ ನೀರು 4.42ಕ್ಕೆ ಏರುತ್ತದೆ, ಇಳಿತದಲ್ಲಿ 0.76ಕ್ಕೆ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಕಡಲಿಗೆ ಅಷ್ಟು ಹುರುಪಿಲ್ಲ. ಏರಿದರೆ 3.30, ಇಳಿದರೆ 1.86, ಅಷ್ಟಕ್ಕೇ ನಿಲ್ಲುತ್ತದೆ. ಈ ನಾಲ್ಕೂ ಸರಾಸರಿ ಎಂಬುದು ನೆನಪಿರಲಿ. ಮಳೆಗಾಲದ ಕೆಲವು ದಿನ ಉಬ್ಬರ 4.8 ಮೀಟರು ದಾಟಿದಾಗಲೇ ಹಿಂದಮಾತಾದಲ್ಲಿ ಮೊಣಕಾಲುದ್ದ ನೀರು ನಿಂತಿತೆಂದು ಟಿವಿಯವರು ಓಡುವುದು.

ಕಡಲಜೀವಿಗಳ ಬಗ್ಗೆ ಮಾತಾಡಿ ಎಂದು ಕರೆದರೆ ಇವರು ಲೆಕ್ಕದ ಪಾಠ ಶುರುಮಾಡಿದರಲ್ಲ ಎಂದುಕೊಳ್ಳಬೇಡಿ. ಮುಂಬಯಿಯ ಕಿನಾರೆಯಲ್ಲಿ ಯಾವ ಪ್ರಾಣಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹಾಜಿ ಅಲಿ, ಕಾರ್ಟರ್ ರೋಡ್, ಜುಹು ಎಂಬ ಹೆಸರುಗಳಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಸಿಗುವುದು ಎತ್ತರದಲ್ಲಿ. ಒಂದೇ ಬಂಡೆಯ ಮೇಲೆ ಎರಡು ಅಡಿ ಮೇಲಿರುವ ಬಸವನಹುಳುವಿಗೂ ಎರಡು ಅಡಿ ಕೆಳಗಿರುವ ಹವಳಕ್ಕೂ ಬದುಕಿನಲ್ಲಿ ಒಂದು ಹೋಲಿಕೆಯೂ ಇಲ್ಲ.

ಈ ಸಭೆಯಲ್ಲಿ ಮಂಗಳೂರು, ಉಡುಪಿ, ಕುಂದಾಪುರದ ಕಡೆಯವರು ಬಹಳ ಮಂದಿ ಇದ್ದೀರಿ. ನಿಮ್ಮೂರಿನಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಗೋವಾದಲ್ಲಿ ಸುಮಾರು ಎರಡು. ಮುಂಬಯಿಗೆ ಬರುವಷ್ಟರಲ್ಲಿ ಮೂರೂವರೆ ದಾಟುತ್ತದೆ. ಇನ್ನೂ ಮೇಲೆ ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರು. ಕಾರಣ ಕಡಲಿನ ತಳದಲ್ಲಿದೆ. ಮಂಗಳೂರಿನ ಎದುರು ಇಲ್ಲಿಗಿಂತ ಕಡಿಮೆ ದೂರದಲ್ಲೇ ಆಳ ಸಿಗುತ್ತದೆ. ಮುಂಬಯಿ-ಗುಜರಾತಿನ ಎದುರು ಆಳವಿಲ್ಲದ ತಟ್ಟು ನೂರಾರು ಕಿಲೋಮೀಟರು ಚಾಚಿಕೊಂಡಿದೆ. ಉಬ್ಬರದ ಅಲೆ ಈ ತಟ್ಟಿನ ಮೇಲೆ ಬರುತ್ತಾ ಒತ್ತರಿಸಿಕೊಂಡು ಎತ್ತರವಾಗುತ್ತದೆ. ಹಾಗಾಗಿ ಮಲ್ಪೆಯಲ್ಲಿ ಈಜಿ ಬೆಳೆದವರು ಕೂಡ ಇಲ್ಲಿನ ನೀರಿನ ಏರಿಕೆಯನ್ನು ಹೊಸದಾಗಿಯೇ ಕಲಿಯಬೇಕು.

ಈಗ ಬಂಡೆಗೆ ಬರೋಣ. ಮುಂಬಯಿಯ ಕರಿಬಂಡೆ ಸುಮಾರು 6.6 ಕೋಟಿ ವರ್ಷ ಹಿಂದೆ ದಖನ್ನಿನ ಲಾವಾ ಹರಿದು ಗಟ್ಟಿಯಾದದ್ದು. ಬಿರುಕು, ಗುಳಿ, ಚಪ್ಪಟೆ ಹಾಸು ಹೇರಳ. ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗಿ.

4.42ಕ್ಕೂ ಮೇಲೆ ಹೆಚ್ಚಿನ ದಿನ ಎರಚಲು ಮಾತ್ರ. ಅಲ್ಲಿ ಗೋಲಿಗಿಂತ ಚಿಕ್ಕ ಪೆರಿವಿಂಕಲ್ ಬಸವನಹುಳುಗಳು ಬಿರುಕುಗಳಲ್ಲಿ ಗುಂಪಾಗಿ ಕೂತಿರುತ್ತವೆ. ಅವು ಬಾಗಿಲಿನಂಥ ಮುಚ್ಚಳ ಎಳೆದುಕೊಂಡು, ಚಿಪ್ಪಿನ ಅಂಚನ್ನು ಮಾತ್ರ ಒಣ ಲೋಳೆಯಿಂದ ಬಂಡೆಗೆ ಅಂಟಿಸಿಕೊಳ್ಳುತ್ತವೆ. ಮಧ್ಯಾಹ್ನದ ಕಾದ ಬಂಡೆಗೆ ಮೈ ತಾಗುವುದು ಕಡಿಮೆಯಾದಷ್ಟೂ ಒಳ್ಳೆಯದು ತಾನೆ? ಸತ್ತಿದೆ ಎಂದು ಕಿತ್ತು ನೋಡುತ್ತಾರೆ. ಕಿತ್ತರೆ ಆ ಅಂಟು ಹೋಗಿ ಹುಳು ಕೆಳಗೆ ಉರುಳಿ ಬೀಳುತ್ತದೆ, ಮುಂದಿನ ದೊಡ್ಡ ಉಬ್ಬರದವರೆಗೆ ಅದರ ಪಾಡು ಅದಕ್ಕೆ.

4.42ರಿಂದ 3.30ರವರೆಗಿನ ಪಟ್ಟಿ ವಿಚಿತ್ರ ಜಾಗ. ಅಷ್ಟಮಿಯ ಸುತ್ತಮುತ್ತ ಉಬ್ಬರ 3.30ಕ್ಕೇ ನಿಲ್ಲುತ್ತದೆಯಾದ್ದರಿಂದ ಇದರ ಮೇಲ್ಭಾಗಕ್ಕೆ ಎಷ್ಟೋ ದಿನ ಒಂದು ಹನಿ ಕಡಲನೀರು ತಾಗುವುದಿಲ್ಲ. ಇಲ್ಲಿ ತಾಳಿಕೊಳ್ಳುವವರಲ್ಲಿ ಮುಖ್ಯವಾದದ್ದು ಬಾರ್ನಕಲ್. ಬಂಡೆಯ ಮೇಲೆ, ದೋಣಿಯ ಹೊಟ್ಟೆಯ ಮೇಲೆ, ಜೆಟ್ಟಿಯ ಕಂಬದ ಮೇಲೆ ಬೂದು ಬಣ್ಣದ ಚಿಕ್ಕ ಜ್ವಾಲಾಮುಖಿಗಳಂತೆ ಕಾಣುತ್ತದಲ್ಲ, ಅದೇ. ಚಿಪ್ಪು ನೋಡಿ ಇದು ಮರುವಾಯಿಯಂಥ ಎರಡು ಚಿಪ್ಪಿನ ಪ್ರಾಣಿಗಳ ನೆಂಟ ಎಂದುಕೊಳ್ಳುತ್ತೇವೆ. ವಿಜ್ಞಾನಿಗಳೂ ಬಹುಕಾಲ ಹಾಗೆಯೇ ಎಂದುಕೊಂಡಿದ್ದರು. 1830ರಲ್ಲಿ ಜಾನ್ ವಾನ್ ಥಾಮ್ಸನ್ ಅದರ ಮರಿಗಳನ್ನು ಪತ್ತೆಮಾಡಿ ಇದು ಸಿಗಡಿ, ಏಡಿಗಳ ಬಳಗದ್ದೆಂದು ತೋರಿಸಿಕೊಟ್ಟರು.

ಈ ಪ್ರಾಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಎತ್ತರದ ವಿಳಾಸ ಹೇಗೆ ಆಯ್ಕೆಯಾಗುತ್ತದೆ ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಮೊಟ್ಟೆಯೊಡೆದ ಮರಿ ನೀರಿನಲ್ಲಿ ತೇಲುತ್ತದೆ, ಆರು ಹಂತ ಪೊರೆ ಕಳಚುತ್ತದೆ. ಆಮೇಲೆ ಸಿಪ್ರಿಡ್ ಎಂಬ ಹಂತ. ಅರ್ಧ ಮಿಲಿಮೀಟರಿನ ಆಸುಪಾಸಿನ ಈ ಮರಿ ಏನನ್ನೂ ತಿನ್ನುವುದಿಲ್ಲ, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತಾ ಒಂದೇ ಕೆಲಸ ಮಾಡುತ್ತದೆ: ಜಾಗ ಹುಡುಕುವುದು. ಮುಂದಿನ ಎರಡು ಮೀಸೆಗಳನ್ನು ಕಾಲಿನಂತೆ ಊರುತ್ತಾ ಬಂಡೆಯ ಮೇಲೆ ನಡೆಯುತ್ತದೆ. ಬಂಡೆ ಒರಟಾಗಿದೆಯೆ, ಅಲ್ಲಿ ಸೂಕ್ಷ್ಮಜೀವಿಗಳ ಪದರ ಇದೆಯೆ, ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಜಾತಿಯ ದೊಡ್ಡವರು ಅಲ್ಲಿ ಬದುಕಿದ ರಾಸಾಯನಿಕ ಗುರುತು ಇದೆಯೆ ಎಂದು ಮೂಸಿ ನೋಡುತ್ತದೆ. ಒಪ್ಪಿಗೆಯಾದರೆ ತಲೆಯನ್ನು ಕೆಳಗೆ ಮಾಡಿ ಅಂಟು ಸುರಿಸಿ ಕಚ್ಚಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಮತ್ತೆ ಜಾಗ ಬದಲಿಸುವ ಪ್ರಶ್ನೆಯಿಲ್ಲ. ಸುತ್ತ ಸುಣ್ಣದ ಫಲಕ ಕಟ್ಟಿಕೊಂಡು, ಮೇಲೆ ತೆರೆದು ಮುಚ್ಚುವ ಬಾಗಿಲು ಮಾಡಿಕೊಂಡು, ನೀರು ಬಂದಾಗ ಆರು ಜೊತೆ ಗರಿಯಂಥ ಕಾಲುಗಳನ್ನು ಹೊರಚಾಚಿ ಬೀಸಿ ಬೀಸಿ ಆಹಾರ ಸೋಸುತ್ತದೆ. ತಲೆಕೆಳಗಾಗಿ ಮಲಗಿ ಕಾಲಿನಿಂದ ಉಣ್ಣುವ ಪ್ರಾಣಿ.

ಹಿರಿಯರ ಪಕ್ಕದಲ್ಲೇ ಜಾಗ ಹಿಡಿಯುವುದಕ್ಕೆ ಎರಡು ಕಾರಣ. ಅವು ಅಲ್ಲಿ ದೊಡ್ಡವಾಗಿವೆ ಎಂದರೆ ಆ ಎತ್ತರದಲ್ಲಿ ನೀರು, ಆಹಾರ ಸಾಕು ಎಂದು ರುಜುವಾತಾದಂತೆ. ಇನ್ನೊಂದು, ಹೆಚ್ಚಿನ ಬಾರ್ನಕಲ್‌ಗಳಲ್ಲಿ ಗಂಡು-ಹೆಣ್ಣು ಒಂದೇ ಮೈಯಲ್ಲಿದ್ದರೂ ಬೀಜ ಪಕ್ಕದವರಿಂದ ಬರಬೇಕು, ಪಕ್ಕದವರು ಕೈಗೆಟಕುವಷ್ಟು ಹತ್ತಿರ ಇರಬೇಕು. ಒಂಟಿಯಾಗಿ ಅಂಟಿದ್ದಕ್ಕೆ ಸಂತಾನ ಕಷ್ಟ. ದೋಣಿಯವರು ವರ್ಷಕ್ಕೊಮ್ಮೆ ತಳ ಕೆರೆಯುವಾಗ ಹಳೆಯ ಬುಡಗಳನ್ನು ಪೂರ್ತಿ ತೆಗೆಯದಿದ್ದರೆ ಮತ್ತೆ ಬೇಗ ಹತ್ತುತ್ತದಲ್ಲ, ಅದಕ್ಕೂ ಇದೇ ಗುರುತು ಕಾರಣ.

3.30ರಿಂದ 1.86ರ ನಡುವೆ ದಿನಕ್ಕೆರಡು ಸಲ ಖಂಡಿತ ನೀರು ಏರಿ ಇಳಿಯುತ್ತದೆ. ಇಲ್ಲಿ ಬಂಡೆ ಸಿಂಪಿಗಳು ಬಿಳಿ ಪಟ್ಟಿಯಾಗಿ ಕಾಣುತ್ತವೆ. ಅಂಚು ಬ್ಲೇಡಿನಷ್ಟು ಹರಿತ. ಇವುಗಳ ನಡುವೆ ಕೊರೆಯುವ ಬಸವನಹುಳುಗಳು ತಿರುಗುತ್ತವೆ. ಒಂದು ಸಿಂಪಿಯ ಮೇಲೆ ಹತ್ತಿ ಕೂತು, ಕಾಲಿನಲ್ಲಿರುವ ಗ್ರಂಥಿಯಿಂದ ಆಮ್ಲದ್ರವ ಸುರಿಸಿ ಚಿಪ್ಪನ್ನು ಮೆತ್ತಗಾಗಿಸುವುದು, ಅರದಂಥ ನಾಲಗೆಯಿಂದ ಕೆರೆಯುವುದು, ಮತ್ತೆ ದ್ರವ, ಮತ್ತೆ ಕೆರೆತ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೆಲಸ. ಜುಹುವಿನಲ್ಲಿ ಹೆಕ್ಕಿದ ಚಿಪ್ಪಿನಲ್ಲಿ ಯಾರೋ ಡ್ರಿಲ್ ಮಾಡಿದಂಥ ಗುಂಡನೆಯ ತೂತು ಕಂಡರೆ ಅದು ಇಂಥದೊಂದು ಹುಳುವಿನ ಊಟದ ಗುರುತು.

1.86ರಿಂದ ಕೆಳಗೆ ಇಳಿದಾಗ ಬಣ್ಣ ಶುರುವಾಗುತ್ತದೆ. ಅಷ್ಟಮಿಯ ವಾರದಲ್ಲಿ ಈ ಪಟ್ಟಿ ನೀರಿನಿಂದ ಹೊರಗೆ ಬರುವುದೇ ಅಪರೂಪ. ಹಾಗಾಗಿ ಒಣಗುವುದನ್ನು ತಾಳಲಾರದ ಪ್ರಾಣಿಗಳೆಲ್ಲ ಇಲ್ಲೇ: ಸ್ಪಂಜು, ಸೀ ಅನಿಮೋನ್, ಹವಳ, ಆಕ್ಟೋಪಸ್, ಕಡಲ ಗೊಂಡೆಹುಳು. ಹಾಜಿ ಅಲಿ, ಮಲಬಾರ್ ಹಿಲ್ಲಿನ ಕೆಳಗೆ, ಬಾಂದ್ರಾದಲ್ಲಿ ಬಂಡೆಯ ಹಾಸಿಗೆಯನ್ನೇ ಮುಚ್ಚಿರುವುದು ಸೀ ಅನಿಮೋನಿನ ನೆಂಟರಾದ ಜೊವ್ಯಾಂತಿಡ್‌ಗಳು. ನೀರಿಳಿದಾಗ ಮುಚ್ಚಿಕೊಂಡು ಸಾಲು ಸಾಲು ಗುಂಡಿಗಳಂತೆ ಕಾಣುತ್ತವೆ, ನೀರು ಮುಚ್ಚಿದಾಗ ಹೂವಿನಂತೆ ಅರಳುತ್ತವೆ. ಎರಡು ಬಗೆಯನ್ನು ಬೇರ್ಪಡಿಸುವುದು ಸುಲಭ. ಮೈಯೊಳಗೆ ಮರಳಿನ ಕಣ ಸೇರಿಸಿಕೊಂಡು ಒರಟಾಗಿ ಕಂಡರೆ ಪಾಲಿಥೋವಾ, ನುಣ್ಣಗಿದ್ದರೆ ಜೊವ್ಯಾಂತಸ್. ಪಾಲಿಥೋವಾದ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರುತ್ತದೆ. ಕೈಯಲ್ಲಿ ಗಾಯವಿದ್ದವರು ಮುಟ್ಟಲೇಬಾರದು, ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬಾರದು. ನಮ್ಮನ್ನು ಕೇಳಿದರೆ ಗಾಯವಿಲ್ಲದವರೂ ಮುಟ್ಟುವ ಅಗತ್ಯವಿಲ್ಲ.

ಗೊಂಡೆಹುಳು ಎಂದು ನಾವು ಕರೆದದ್ದು ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು, ನ್ಯೂಡಿಬ್ರಾಂಕ್‌ಗಳನ್ನು. ಬೆನ್ನ ಮೇಲೆ ಗೊಂಡೆಯಂತೆ ಕಾಣುವುದು ಅದರ ಕಿವಿರು. ಗೋನಿಯೊಬ್ರಾಂಕಸ್ ಬೊಂಬಾಯಾನಸ್ ಎಂಬ ಒಂದು ಜಾತಿಯ ಹೆಸರಿನಲ್ಲೇ ಈ ನಗರವಿದೆ. ಇವುಗಳನ್ನು ಹುಡುಕುವವರು ಹುಳುವನ್ನು ಹುಡುಕುವುದಿಲ್ಲ, ಅದರ ಊಟವನ್ನು ಹುಡುಕುತ್ತಾರೆ. ಈ ಜಾತಿ ತಿನ್ನುವುದು ಸ್ಪಂಜನ್ನು. ಸ್ಪಂಜು ಇರುವುದು ಬಿಸಿಲು ಬೀಳದ ಚಾಚುಬಂಡೆಯ ಕೆಳಗೆ. ಅಲ್ಲಿ ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಇದೇ ಬಳಗದ ಹತ್ತಿರದ ಎಲೀಸಿಯಾ ಹಸಿರು ಪಾಚಿಯ ರಸ ಹೀರಿ ಅದರೊಳಗಿನ ಪತ್ರಹರಿತ್ತಿನ ಕಣಗಳನ್ನು ಜೀರ್ಣಿಸದೆ ತನ್ನ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದರಿಂದಲೇ ಆ ಎಲೆಹಸಿರು. ಆಕ್ಟೋಪಸ್ಸನ್ನು ಹುಡುಕುವುದಕ್ಕೂ ಊಟದ ಗುರುತೇ ಉಪಾಯ. ಬಿಲದ ಬಾಯಲ್ಲಿ ಏಡಿಯ ಚಿಪ್ಪು, ಸಿಂಪಿಯ ಚೂರು ಗುಡ್ಡೆಯಾಗಿ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ. ಆದರೆ ಬಿಲದೊಳಗೆ ಕೈ ಹಾಕಬೇಡಿ. ಒಳಗಿರುವುದು ಆಕ್ಟೋಪಸ್ಸೇ ಆಗಬೇಕೆಂದಿಲ್ಲ, ಹಾವುಮೀನೂ ಆಗಬಹುದು, ಅದರ ಕಡಿತ ಹುಡುಗಾಟವಲ್ಲ.

ಮುಂಬಯಿಯಲ್ಲಿ ಹವಳವೆ ಎಂದು ಹುಬ್ಬೇರಿಸುವವರಿದ್ದಾರೆ. ಲಕ್ಷದ್ವೀಪದ ಹಾಗೆ ದಿಬ್ಬ ಕಟ್ಟುವಷ್ಟಿಲ್ಲ, ನಿಜ. ಬಂಡೆಗೆ ಅಂಟಿದ ಅಂಗೈಯಗಲದ, ಅದಕ್ಕಿಂತ ಚಿಕ್ಕ ಕಂದು-ಬೂದು ಹೆಪ್ಪುಗಳು ಇವು. ಹತ್ತಿರದಿಂದ ನೋಡಿದರೆ ನಕ್ಷತ್ರದಂಥ ಗುಳಿಗಳ ಸಾಲು. ಹವಳದೊಳಗಿನ ಪಾಚಿಗೆ ಬೆಳಕು ಬೇಕು, ಇಲ್ಲಿನ ನೀರೋ ಹೂಳಿನಿಂದ ಕದಡಿದ್ದು. ಹಾಗಾಗಿ ಹೂಳನ್ನು ತಳ್ಳಿಕೊಂಡು, ಕಡಿಮೆ ಬೆಳಕಿನಲ್ಲಿ ಬದುಕಬಲ್ಲ ಗಟ್ಟಿ ಜಾತಿಗಳು ಮಾತ್ರ ಉಳಿದಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ಎಲ್ಲ ಗಟ್ಟಿ ಹವಳಗಳೂ ಇವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ. ಕೋಸ್ಟಲ್ ರೋಡಿನ ಕೆಲಸಕ್ಕೆ ಅಡ್ಡ ಬಂದ ವರ್ಲಿ, ಹಾಜಿ ಅಲಿಯ ಹವಳಗಳನ್ನು 2020ರ ಕೊನೆಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ಬೇರೆಡೆಗೆ ಸಾಗಿಸಬೇಕಾಯಿತು. ಹವಳ ಸಾಗಿಸುವಾಗಲೂ ಕಷ್ಟ ಎಲ್ಲಿ ಗೊತ್ತೆ? ಕಿತ್ತು ಒಯ್ಯುವುದು ಒಂದು ಕೆಲಸ, ಅದೇ ಎತ್ತರದ, ಅದೇ ಬೆಳಕಿನ, ಅಷ್ಟೇ ಅಲೆ ಬಡಿಯುವ ಬಂಡೆ ಹುಡುಕಿ ಕೂರಿಸುವುದು ಇನ್ನೊಂದು. ಒಂದಡಿ ಮೇಲೆ ಕೂರಿಸಿದರೆ ಬಿಸಿಲಿಗೆ ಒಣಗುತ್ತದೆ, ಒಂದಷ್ಟು ಕೆಳಗೆ ಹೂಳಿಗೆ ಸಿಕ್ಕರೆ ಉಸಿರುಕಟ್ಟುತ್ತದೆ.

ರಸ್ತೆಯ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇವೆ. ದೊಡ್ಡ ಉಬ್ಬರ-ಇಳಿತದ ಅಂತರ 3.66 ಮೀಟರು. ಇಪ್ಪತ್ತು ಮೀಟರಿಗೆ ಒಂದು ಮೀಟರು ಇಳಿಯುವ ಬಂಡೆಹಾಸಿನ ಮೇಲೆ ಈ ಅಂತರ 73 ಮೀಟರು ಅಗಲದ ಬದುಕುವ ಜಾಗ ಕೊಡುತ್ತದೆ, ಮಧ್ಯೆ ಗುಳಿ, ಕೊಳ, ಕಲ್ಲಿನ ತಳ ಎಲ್ಲ ಸೇರಿ. ಅದನ್ನು ತುಂಬಿ ನೇರ ಗೋಡೆ ಕಟ್ಟಿದರೆ ಅದೇ ವಿಳಾಸಗಳೆಲ್ಲ 3.66 ಮೀಟರಿನ ಒಂದು ಪಟ್ಟಿಗೆ ಇಳಿದವು. ಗೋಡೆಯ ಮೇಲೂ ಬಾರ್ನಕಲ್ ಬರುತ್ತದೆ, ಸಿಂಪಿ ಬರುತ್ತದೆ, ನೋಡಿ ಜೀವಿಗಳು ಮರಳಿ ಬಂದಿವೆ ಎಂದು ಫೋಟೊ ಹಾಕುವವರೂ ಬರುತ್ತಾರೆ. ನೀರು ನಿಲ್ಲುವ ಕೊಳ ಬೇಕಾದ ಮೀನಿನ ಮರಿ, ಕಲ್ಲಿನಡಿಯ ನೆರಳು ಬೇಕಾದ ಸ್ಪಂಜು ಬರುವುದಿಲ್ಲ. ಮರೀನ್ ಡ್ರೈವಿನಲ್ಲಿ ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟು ತುಂಡುಗಳ, ಟೆಟ್ರಾಪಾಡ್‌ಗಳ ಸಂದಿಗೊಂದಿಗಳಲ್ಲಿ ನೆರಳಾದರೂ ಇದೆ, ಗೋಡೆಗಿಂತ ವಾಸಿ. ಅಲ್ಲಿ ಕಸವೂ ಇಲಿಯೂ ಅಷ್ಟೇ ಸುಖವಾಗಿವೆ ಎಂಬುದು ಬೇರೆ ಮಾತು.

ಇನ್ನು ನೋಡಲು ಹೋಗುವುದು ಹೇಗೆ. ಸರ್ವೇ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ-ಇಳಿತದ ಕೋಷ್ಟಕ ಪ್ರಕಟಿಸುತ್ತದೆ. ಮೊಬೈಲಿನಲ್ಲಿಯೂ ಸಿಗುತ್ತದೆ. ಮೊಬೈಲಿನದನ್ನು ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಇಳಿತದ ಅಂಕಿ ಹೆಚ್ಚುಕಡಿಮೆ ದಿನವೂ ಮೈನಸ್‌ನಲ್ಲಿ ಬರುತ್ತಿದ್ದರೆ ಅದು ಸರಾಸರಿ ಸಮುದ್ರ ಮಟ್ಟದಿಂದ ಅಳೆದದ್ದು. ಅದಕ್ಕೆ 2.5 ಕೂಡಿಸಿದರೆ ನಾವು ಹೇಳುತ್ತಿರುವ ಅಳತೆಗೆ ಬರುತ್ತದೆ. ಇದನ್ನು ಗಮನಿಸದೆ ಹೋಗಿ ನೀರು ಇಳಿಯಲೇ ಇಲ್ಲ ಎಂದು ವಾಪಸಾಗುವವರು ಬಹಳ. ಇಳಿತ 0.8 ಮೀಟರಿಗಿಂತ ಕೆಳಗಿರುವ ದಿನ ಆರಿಸಿಕೊಳ್ಳಿ.

ಕೊಂಕಣದ ಮೀನುಗಾರರಲ್ಲಿ ಇದಕ್ಕೊಂದು ಬಾಯಿಲೆಕ್ಕ ಇದೆ, ಪಂಚಾಂಗ ನೋಡುವ ಮನೆಗಳಿಗೆ ಬಹಳ ಸಲೀಸು. ತಿಥಿಯ ಮುಕ್ಕಾಲು ಪಾಲು ತೆಗೆಯಿರಿ, ಅದು ಪೂರ್ಣ ಉಬ್ಬರದ ಗಂಟೆ. ಚೌತಿಗೆ ನಾಲ್ಕರ ಮುಕ್ಕಾಲು ಮೂರು, ಹಾಗಾಗಿ ಮೂರು ಗಂಟೆಗೆ ಉಬ್ಬರ. ಅಷ್ಟಮಿಗೆ ಆರು. ಹುಣ್ಣಿಮೆಗೂ ಅಮಾವಾಸ್ಯೆಗೂ ಹದಿನೈದು ಎಂದು ಹಿಡಿದರೆ ಹನ್ನೊಂದೂಕಾಲು. ಇದಕ್ಕೆ ಆರು ಗಂಟೆ ಕೂಡಿಸಿದರೆ ಇಳಿತ. ಒಂದು ಗಂಟೆ ಆಚೀಚೆ ಆಗುತ್ತದೆ, ಅಂದಾಜಿಗೆ ಸಾಕು, ಬಂಡೆಗಿಳಿಯುವ ದಿನ ಮಾತ್ರ ಕೋಷ್ಟಕವನ್ನೇ ನೋಡಿ. ಈ ಲೆಕ್ಕದಿಂದ ಇನ್ನೊಂದು ಗೊತ್ತಾಗುತ್ತದೆ: ಮುಂಬಯಿಯಲ್ಲಿ ಒಳ್ಳೆಯ ಇಳಿತ ಬರುವುದು ಬೆಳಗಿನ ಐದೂವರೆ-ಏಳರ ನಡುವೆ, ಇಲ್ಲವೇ ಸಂಜೆಯ ಅದೇ ಹೊತ್ತಿಗೆ. ನಡು ಮಧ್ಯಾಹ್ನ ಹೋದರೆ ತುಂಬಿದ ಕಡಲೇ ಎದುರಾಗುತ್ತದೆ.

ಇಳಿತ ಸಂಜೆ 5.30ಕ್ಕೆ ಎಂದಿದ್ದರೆ 4 ಗಂಟೆಗೆ ಬಂಡೆಯ ಮೇಲಿರಿ. ನೀರು ಹಿಂದೆ ಸರಿದಂತೆ ನೀವು ಕೆಳಗಿಳಿಯಿರಿ. 5.30 ಆಯಿತೆಂದರೆ ಮುಖ ದಡದ ಕಡೆ ತಿರುಗಬೇಕು. ಇನ್ನೂ ಸ್ವಲ್ಪ ಹೊತ್ತು ಎನ್ನುವವರಿಗೆ ಈ ಲೆಕ್ಕ: ಆರು ಗಂಟೆಯ ಏರಿಕೆಯಲ್ಲಿ ನೀರು ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು ಹೀಗೆ ಏರುತ್ತದೆ. 3.66 ಮೀಟರಿಗೆ ಲೆಕ್ಕ ಹಾಕಿ. ಮೊದಲ ಗಂಟೆ 30 ಸೆಂಟಿಮೀಟರು, ಏನೂ ಆಗಿಲ್ಲ ಅನ್ನಿಸುತ್ತದೆ. ಮೂರನೆಯ ಗಂಟೆ 91 ಸೆಂಟಿಮೀಟರು, ನಿಮಿಷಕ್ಕೆ ಒಂದೂವರೆ. ಅದೂ ನೀರು ಎದುರಿನಿಂದ ಬರುವುದಿಲ್ಲ. ನಿಮ್ಮ ಹಿಂದಿನ ತಗ್ಗು ಮೊದಲು ತುಂಬಿ ನೀವು ನಿಂತ ಬಂಡೆ ದ್ವೀಪವಾಗುತ್ತದೆ. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸೆಲ್ಫಿಗೆ ಹೋದವರು ಸಿಕ್ಕಿಬೀಳುವುದು ಇದೇ ರೀತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲೆಯ ಹೊಡೆತವೂ ಸೇರುವುದರಿಂದ ಬಂಡೆಗೆ ಹೋಗಲೇಬೇಡಿ.

ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು. ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲನ್ನು ಸಿಂಪಿ ಕೊಯ್ಯುತ್ತದೆ. ಕೊಯ್ದರೆ ಕುಡಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು ಚಿಪ್ಪಿನ ಚೂರು ತೆಗೆಯಿರಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಬೆಚ್ಚನೆಯ ಕಡಲನೀರಿನಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಇರುತ್ತದೆ. ಗಾಯದ ಸುತ್ತ ಕೆಂಪು, ಊತ ಗಂಟೆಗಂಟೆಗೆ ಹಬ್ಬುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರು, ಲಿವರ್ ತೊಂದರೆಯವರು, ಬೆಳಗಿನವರೆಗೆ ಕಾಯಬಾರದು.

ಕಲ್ಲು ಮಗುಚುವುದಕ್ಕೂ ಕ್ರಮವಿದೆ. ಎರಡು ಕೈಯಲ್ಲಿ ಸಲೀಸಾಗಿ ಏಳುವ ಕಲ್ಲು ಮಾತ್ರ. ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ಎತ್ತಿ, ಆಗ ಒಳಗಿದ್ದದ್ದು ನಿಮ್ಮಿಂದ ಆಚೆಗೆ ಓಡುತ್ತದೆ. ಅರ್ಧ ನಿಮಿಷ ನೋಡಿ ಇದ್ದ ಹಾಗೆಯೇ, ಇದ್ದ ಗುಳಿಯಲ್ಲೇ, ನಿಧಾನವಾಗಿ ಇಳಿಸಿ. ಮಗುಚಿ ಹಾಗೇ ಬಿಟ್ಟರೆ ಎರಡು ಊರು ಒಟ್ಟಿಗೆ ಹಾಳು: ಮೇಲಿದ್ದ ಪಾಚಿ ಕತ್ತಲೆಯಲ್ಲಿ ಕೊಳೆಯುತ್ತದೆ, ಅಡಿಯಲ್ಲಿದ್ದ ಸ್ಪಂಜು, ಮೊಟ್ಟೆಗಳು ಬಿಸಿಲಿಗೆ ಸಾಯುತ್ತವೆ. ಒಬ್ಬರೇ ಹೋಗುವ ಧೈರ್ಯವಿಲ್ಲದವರಿಗೆ ಮರೈನ್ ಲೈಫ್ ಆಫ್ ಮುಂಬೈ ಎಂಬ ನಾಗರಿಕರ ಬಳಗ ಇದೆ, 2017ರಲ್ಲಿ ಆರಂಭವಾದದ್ದು. ಅವರು ನಡೆಸುವ ಕಿನಾರೆ ನಡಿಗೆಗಳು ಒಳ್ಳೆಯ ಪಾಠ.

ಮರಳಿನ ಕಿನಾರೆಯನ್ನು ಬೇಗ ಮುಗಿಸುತ್ತೇವೆ. ಮರಳಿನಲ್ಲಿ ಅಂಟಿಕೊಳ್ಳಲು ಜಾಗವಿಲ್ಲ, ಆದ್ದರಿಂದ ಎಲ್ಲರೂ ಒಳಗೆ. ಜುಹು, ಗಿರಗಾಂವ್ ಚೌಪಾಟಿಯಲ್ಲಿ ನೀರಿಳಿದಾಗ ಸಾಸಿವೆಯಿಂದ ಬಟಾಣಿಯವರೆಗಿನ ಮರಳಿನ ಉಂಡೆಗಳು ಬಿಲದ ಸುತ್ತ ಹರಡಿರುತ್ತವೆ. ಬಬ್ಲರ್ ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಸೂಕ್ಷ್ಮ ಆಹಾರ ಸೋಸಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಉಗುಳಿದ್ದು ಅದು. ಇಲ್ಲಿನ ಅಪಾಯ ತೊರಕೆ ಮೀನು, ಇಂಗ್ಲಿಷಿನ ಸ್ಟಿಂಗ್‌ರೇ. ಆಳವಿಲ್ಲದ ನೀರಿನಲ್ಲಿ ಮರಳು ಹೊದ್ದು ಮಲಗಿರುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. 2013ರ ಗಣೇಶ ವಿಸರ್ಜನೆಯಲ್ಲಿ ಗಿರಗಾಂವಿನಲ್ಲಿ ಹತ್ತಾರು ಜನರಿಗೆ ಹೀಗಾಯಿತು. ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದವನ್ನು ಎಳೆಯುತ್ತಾ ನಡೆದರೆ ಅದು ಮೊದಲೇ ಸರಿದುಹೋಗುತ್ತದೆ. ಹೊಡೆದರೆ ಆ ಭಾಗವನ್ನು ತಡೆಯಬಹುದಾದಷ್ಟು ಬಿಸಿ, ಅಂದರೆ 40ರಿಂದ 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಬಿಸಿಯನ್ನು ಮೊದಲು ಇನ್ನೊಬ್ಬರ ಕೈಯಿಂದ ಪರೀಕ್ಷಿಸಿ, ನೋವಿನಲ್ಲಿರುವವರಿಗೆ ಸುಡುವುದು ತಿಳಿಯುವುದಿಲ್ಲ. ಮುಳ್ಳು ಎದೆ, ಹೊಟ್ಟೆ, ಕುತ್ತಿಗೆಯಲ್ಲಿ ನೆಟ್ಟಿದ್ದರೆ ಕೀಳದೆ ಆಸ್ಪತ್ರೆಗೆ. ಮಳೆಗಾಲದಲ್ಲಿ ದಡಕ್ಕೆ ಬರುವ ನೀಲಿ ಗುಳ್ಳೆಯಂಥ ಬ್ಲೂಬಾಟಲ್ ಸತ್ತಂತೆ ಕಂಡರೂ ದಾರಗಳು ಕುಟುಕುತ್ತವೆ. ಕುಟುಕಿದರೆ ಉಜ್ಜಬೇಡಿ, ಕಡಲನೀರಿನಲ್ಲೇ ತೊಳೆದು ದಾರ ತೆಗೆದು, ಬಳಿಕ ಅದೇ ಬಿಸಿನೀರು ಇಪ್ಪತ್ತು ನಿಮಿಷ.

ಕೆಸರಿನದು ಬೇರೆಯೇ ಲೋಕ. ಹಾರ್ಬರ್ ಲೈನಿನಲ್ಲಿ ಶಿವಡಿಯಲ್ಲಿ ಇಳಿದರೆ, ಇಲ್ಲವೇ ಐರೋಲಿಯ ಕಡೆ ಠಾಣೆ ಖಾರಿಗೆ, ಅಂದರೆ ಕಡಲು ನೆಲದೊಳಗೆ ಚಾಚಿದ ಕ್ರೀಕಿಗೆ ಹೋದರೆ ಕಾಣುವುದು ಕಪ್ಪು ಕೆಸರು. ಮೇಲಿನ ತೆಳು ಪದರ ದಾಟಿದರೆ ಆಮ್ಲಜನಕವಿಲ್ಲ, ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಇಲ್ಲಿ ಬದುಕುವವರೆಲ್ಲ ಗಾಳಿಗೆ ಏನಾದರೂ ಏರ್ಪಾಡು ಮಾಡಿಕೊಂಡವರೇ. ಮರಾಠಿಯಲ್ಲಿ ನಿವಟಿ ಎನ್ನುವ ಕೆಸರುಜಿಗಿ ಮೀನು ಒದ್ದೆ ಚರ್ಮದಿಂದ ಉಸಿರಾಡುತ್ತಾ ನೀರಿನ ಹೊರಗೆ ತೆವಳುತ್ತದೆ, ಕೆಸರಿನ ಮೇಲಿನ ಸೂಕ್ಷ್ಮ ಪಾಚಿಯನ್ನು ತಲೆ ಆಡಿಸಿ ಆಡಿಸಿ ಕೆರೆದು ತಿನ್ನುತ್ತದೆ. ಉಪ್ಪಟಿ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಮರದ ಸುತ್ತ ನೆಲದಿಂದ ಪೆನ್ಸಿಲಿನಂತೆ ಎದ್ದು ನಿಂತಿರುವುದು ಅದರ ಉಸಿರುಬೇರು. ಇವುಗಳ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿದಂತೆ ಕೂತರೆ ಬೇರಿಗೆ ಗಾಳಿ ಹೋಗುವ ದಾರಿ ಮುಚ್ಚಿತು, ಮರ ನಿಂತಲ್ಲೇ ಒಣಗಬಹುದು. ಸ್ವಚ್ಛತಾ ಕೆಲಸಕ್ಕೆ ಹೋಗುವ ತಂಡಗಳು ಕಸ ತೆಗೆಯುವ ಭರದಲ್ಲಿ ಇದೇ ಬೇರುಗಳನ್ನು ತುಳಿದು ಮುರಿಯುವುದೂ ಉಂಟು.

ಕಾಂಡ್ಲಾ ಗಿಡ ನೆಡುವ ಉತ್ಸಾಹಿಗಳಿಗೂ ಎತ್ತರದ ಮಾತೇ ಹೇಳಬೇಕು. ಈ ಮರಗಳು ಬೆಳೆಯುವುದು ಸರಾಸರಿ ಸಮುದ್ರ ಮಟ್ಟದಿಂದ ಮೇಲೆ, ದೊಡ್ಡ ಉಬ್ಬರ ಮುಟ್ಟುವಲ್ಲಿಯವರೆಗೆ. ನಮ್ಮ ಅಂಕಿಯಲ್ಲಿ 2.5ರಿಂದ 4.4 ಮೀಟರು. ಅದಕ್ಕಿಂತ ಕೆಳಗಿನ ಬಯಲು ಕೆಸರು ಖಾಲಿ ಇದೆಯಲ್ಲ ಎಂದು ಅಲ್ಲಿ ನೆಟ್ಟರೆ ಸಸಿ ದಿನದ ಹೆಚ್ಚು ಹೊತ್ತು ಮುಳುಗಿ ಸಾಯುತ್ತದೆ. ಆ ಕೆಸರು ಖಾಲಿಯೂ ಅಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಬರುವ ಫ್ಲೆಮಿಂಗೊಗಳು ಮೇಯುವುದು ಅಲ್ಲೇ. ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರು.

ದಡದಲ್ಲಿ ಬಿದ್ದ ಹವಳದ ಚೂರನ್ನು ಮಕ್ಕಳು ಮನೆಗೆ ತರಬಹುದೆ ಎಂದು ಒಬ್ಬ ತಾಯಿ ಕೇಳಿದರು. ಬೇಡ. ಸತ್ತ ಹವಳವನ್ನು ಇಟ್ಟುಕೊಳ್ಳುವುದೂ ಕಾನೂನಿನಲ್ಲಿ ಅಪರಾಧ. ಸಾಮಾನ್ಯ ಬಸವನಹುಳುವಿನ ಖಾಲಿ ಚಿಪ್ಪಿಗೆ ಆ ಕಾನೂನಿಲ್ಲ, ಆದರೆ ಎತ್ತುವ ಮೊದಲು ಒಳಗೆ ಸನ್ಯಾಸಿ ಏಡಿ ಇದೆಯೇ ನೋಡಿ. ಇಲ್ಲದಿದ್ದರೂ ಬಾಡಿಗೆಗೆ ಮನೆ ಸಿಗದೆ ಒದ್ದಾಡುವ ಏಡಿಗಳು ಅಲ್ಲೇ ಇರುತ್ತವೆ. ಕೋನಿನಂತೆ ಚೂಪಾಗಿರುವ ಚಿಪ್ಪನ್ನಂತೂ ಮುಟ್ಟಬೇಡಿ. ಜೀವಂತ ಕೋನ್ ಬಸವನಹುಳು ವಿಷದ ಮುಳ್ಳು ಹೊಡೆಯುತ್ತದೆ.

ಕೊಳದಲ್ಲಿ ಸಿಕ್ಕ ಮೀನನ್ನು ಮನೆಯ ಅಕ್ವೇರಿಯಮ್ಮಿನಲ್ಲಿ ಸಾಕಬಹುದೆ ಎಂಬುದು ಇನ್ನೊಬ್ಬರ ಪ್ರಶ್ನೆ. ಲೀಟರಿಗೆ 35 ಗ್ರಾಂ ಉಪ್ಪು ಎಂದು ಅಡುಗೆ ಉಪ್ಪು ಕರಗಿಸಿದರೆ ಕಡಲನೀರು ಆಗುವುದಿಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಬೇಕು. ಅದಾದರೂ ಮೀನು ಹಾಕಿದ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯಾಗಲು ವಾರಗಳೇ ಬೇಕು, ಮೀನು ಅಷ್ಟು ದಿನ ಕಾಯುವುದಿಲ್ಲ. ಮುಂದಿನ ಉಬ್ಬರಕ್ಕೆ ಅದು ತಾನೇ ಕಡಲಿಗೆ ಹೋಗುತ್ತದೆ, ಬಿಡಿ.

ಮೂರನೆಯದು ಕುಂದಾಪುರದ ಕಡೆಯ ಹಿರಿಯರೊಬ್ಬರದು. ಊರಿನಲ್ಲಿ ಮರುವಾಯಿ, ಪಚ್ಚಿಲೆ ಹೆಕ್ಕಿ ಸುಕ್ಕ ಮಾಡುವವರು ನಾವು, ಇಲ್ಲಿ ಬಂಡೆಯ ಸಿಂಪಿ ಅಷ್ಟೊಂದು ಇದೆಯಲ್ಲ, ತೆಗೆದರೆ ಏನು? ಸಿಂಪಿ, ಮರುವಾಯಿಗಳು ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ ಉಣ್ಣುವ ಪ್ರಾಣಿಗಳು. ನೀರಿನಲ್ಲಿ ಗಟಾರ ಸೇರಿದ್ದರೆ ಅದರ ರೋಗಾಣುಗಳು ಮೈಯಲ್ಲಿ ಕೂಡುತ್ತವೆ, ಸೀಸ, ಕ್ಯಾಡ್ಮಿಯಂ ಇದ್ದರೆ ಅವೂ ಕೂಡುತ್ತವೆ. ಚೆನ್ನಾಗಿ ಕುದಿಸಿದರೆ ರೋಗಾಣು ಸತ್ತೀತು, ಲೋಹ ಹೋಗುವುದಿಲ್ಲ. ನಾಲೆ ಬಂದು ಸೇರುವ ಕಿನಾರೆಯದು ತಿನ್ನಬೇಡಿ. ಮಾರುಕಟ್ಟೆಯಲ್ಲಿ ಕೊಳ್ಳುವುದಾದರೆ ಎಲ್ಲಿಂದ ಬಂದದ್ದೆಂದು ಕೇಳಿ, ಬಾಯಿ ಮುಚ್ಚಿದ್ದನ್ನೇ ಆರಿಸಿ. ಬಾಯಿ ತೆರೆದಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಮುಚ್ಚಿಕೊಂಡರೆ ಜೀವವಿದೆ, ಮುಚ್ಚದಿದ್ದರೆ ಬುಟ್ಟಿಗೇ ವಾಪಸ್ಸು ಹಾಕಿ.